ಕೂಗದ ಗೌಜಲಕ್ಕಿ

ಪಂಜರದ ಮೇಲಿನ ಗವಸು ತೆಗೆಯಲು ಶಿವರುದ್ರಪ್ಪ ಒಪ್ಪಲಿಲ್ಲ.

ಬೆಳಕು ಕಂಡರೆ ಹಕ್ಕಿ ಬೆದರುತ್ತದೆ ಎಂದರು. ಬೆದರಿ ಸತ್ತರೆ ಪೊಲೀಸರಿಗೆ ತಾವು ಜವಾಬು ಕೊಡಬೇಕಾಗುತ್ತದೆ ಎಂದರು. ಈಗ ಚಹಾ ಬರುತ್ತದೆ, ಮೊದಲು ಚಹಾ ಕುಡಿಯಿರಿ ಎಂದರು. ಒಂದು ಪ್ರಶ್ನೆಗೆ ಮೂರು ಉತ್ತರ ಕೊಡುವವರನ್ನು ಕಂಡರೆ ನನ್ನ ಕಿವಿ ನೆಟ್ಟಗಾಗುತ್ತದೆ. ವಿಮಾ ಕಂಪನಿಯ ಪರವಾಗಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತಿ ಪುಣೆಯೆಲ್ಲ ಅಲೆದ ಕಾಲದಲ್ಲಿ ಅಂಟಿದ ಚಾಳಿ ಅದು.

“ಚಲುವರಾಜು ಸರ್, ಚಹಾ ಆಮ್ಯಾಲ,” ಎಂದು ನನಗೆ ಹೇಳಿ ಸ್ನೇಹಲ್ ಎದ್ದು ಗವಸನ್ನು ಎಳೆದೇಬಿಟ್ಟಳು.

ಸ್ನೇಹಲ್ ವಕೀಲೆ, ನಾನು ಖಾಸಗಿ ಪತ್ತೇದಾರ; ಇಬ್ಬರೂ ಬಂದದ್ದು ಒಂದೇ ಕೇಸಿಗೆ. ಅಪ್ಪ ಅಮ್ಮ ವಿಜಯಪುರದ ಕಡೆಯವರು, ಅವಳು ಹುಟ್ಟಿ ಬೆಳೆದದ್ದು ಪುಣೆಯಲ್ಲೇ. ಕೋರ್ಟಿನಲ್ಲಿ ಮರಾಠಿ, ಸಿಟ್ಟು ಬಂದಾಗ ಮನೆಯ ಕನ್ನಡ. ಆ ಹೊತ್ತಿಗೆ ಅವಳಿಗೆ ಸಾಕಷ್ಟು ಸಿಟ್ಟು ಬಂದಿತ್ತು.

ಒಂದು ಬೆಳಗ್ಗೆ ಪುಣೆಯ ಧನಕವಡಿಯ ಹಿಂದಿನ ಗುಡ್ಡದಲ್ಲಿ ಈರಣ್ಣ ತಲೆ ಒಡೆದು ಸತ್ತು ಬಿದ್ದಿದ್ದಾಗ ಅವನ ಪಕ್ಕದಲ್ಲಿದ್ದದ್ದು ಇದೇ ಪಂಜರ. ಈರಣ್ಣ, ಬಟೇರ್ ಹಕ್ಕಿ ಸಾಕಿ ಮಾರುವ ಈ ಫಾರ್ಮಿನಲ್ಲಿ ಶಿವರುದ್ರಪ್ಪನವರ ಪಾಲುದಾರ. ಪಂಜರದ ಹಕ್ಕಿ ನಮ್ಮ ಫಾರ್ಮಿನದೇ ಎಂದು ಶಿವರುದ್ರಪ್ಪ ಠಾಣೆಯಲ್ಲಿ ಗುರುತಿಸಿದ್ದರು. ಫಾರ್ಮಿನಿಂದ ಹಕ್ಕಿ ಹೊರಗೆ ಸಾಗಿಸುವವನು ಡ್ರೈವರ್ ಮಾಂತು ಒಬ್ಬನೇ. ಹಿಂದಿನ ಸಂಜೆಯಷ್ಟೇ ಮಾಂತು ಈರಣ್ಣನ ಕಾಲರ್ ಹಿಡಿದದ್ದನ್ನು ಶೆಡ್ಡಿನವರೆಲ್ಲ ನೋಡಿದ್ದರು. ಪೊಲೀಸರಿಗೆ ಅಷ್ಟು ಸಾಕಾಯಿತು.

ಮಾಂತು ಈಗ ಜೈಲಿನಲ್ಲಿದ್ದ. ನಾಳೆ ಅವನ ಜಾಮೀನಿನ ವಿಚಾರಣೆ. ಯಾಕೆ ಕಾಲರ್ ಹಿಡಿದೆ ಎಂದರೆ ತನ್ನ ವಕೀಲೆಯ ಮುಂದೆಯೂ ಅವನು ತುಟಿ ಬಿಚ್ಚುತ್ತಿರಲಿಲ್ಲ. ನಮ್ಮ ಕೈಯಲ್ಲಿ ಉಳಿದದ್ದು ಈ ಹಕ್ಕಿ ಒಂದೇ. ಅದನ್ನೂ ಪೊಲೀಸರು, ಫಾರ್ಮಿನ ಸೊತ್ತು ಎಂದು ಶಿವರುದ್ರಪ್ಪನವರ ಸುಪರ್ದಿಗೇ ಒಪ್ಪಿಸಿ ಕೈ ತೊಳೆದುಕೊಂಡಿದ್ದರು.

ಗವಸು ಹೋದ ಮೇಲೆ ಹಕ್ಕಿ ಒಮ್ಮೆ ಕತ್ತು ಉದ್ದ ಮಾಡಿ ನಮ್ಮನ್ನು ನೋಡಿತು. ಬೂದು ಮಿಶ್ರಿತ ಕಂದು ಮೈ, ಎದೆಯ ತುಂಬ ಸಣ್ಣ ಸಣ್ಣ ಅಡ್ಡಗೆರೆ, ಗಂಟಲಿನ ಸುತ್ತ ಕಪ್ಪು ದಾರ ಕಟ್ಟಿದಂಥ ಗೆರೆ. ಸಣ್ಣ ಹೇಂಟೆಯಷ್ಟು ಗಾತ್ರ. ನೋಡಿ, ಮತ್ತೆ ಮೂಲೆಗೆ ಸರಿದು ಮುದುಡಿಕೊಂಡಿತು.

ನನಗೆ ಗುರುತು ಸಿಗಲು ಎರಡನೇ ನೋಟ ಬೇಕಾಗಲಿಲ್ಲ. ಆದರೆ ನನ್ನ ನೋಟಕ್ಕೆ ನ್ಯಾಯಾಲಯದಲ್ಲಿ ಮೂರು ಕಾಸಿನ ಬೆಲೆ ಇಲ್ಲ. ಶಿವರುದ್ರಪ್ಪನವರ ಬಾಯಿಂದಲೇ ಅದು ಬರಬೇಕಿತ್ತು.

ನಿಮ್ಮ ಶೆಡ್ಡಿನಿಂದ ಇನ್ನೊಂದು ಹಕ್ಕಿ ತರಿಸಿ, ಪಕ್ಕದಲ್ಲಿಟ್ಟು ನೋಡೋಣ ಎಂದೆ. ಶೆಡ್ಡಿನಲ್ಲಿ ಔಷಧ ಹೊಡೆದಿದ್ದಾರೆ, ಯಾರೂ ಹೋಗುವಂತಿಲ್ಲ ಎಂದರು. ಹಾಗೆನ್ನುವಾಗಲೇ ಆಳೊಬ್ಬ ಮೇವಿನ ಬುಟ್ಟಿ ಹಿಡಿದು ಶೆಡ್ಡಿನಿಂದ ಹೊರಗೆ ಬಂದ. ಸ್ನೇಹಲ್ ಅವನನ್ನೂ ನೋಡಿದಳು, ಶಿವರುದ್ರಪ್ಪನವರನ್ನೂ ನೋಡಿದಳು. ಅವರು ಟೇಬಲ್ಲಿನ ಗಾಜು ಒರೆಸತೊಡಗಿದರು.

ಇಲ್ಲಿ ಒಂದು ಮಾತು ಹೇಳಬೇಕು. ಈ ಊರಿನಲ್ಲಿ ಈ ಎರಡು ಹಕ್ಕಿಗಳ ಹೆಸರನ್ನು ಯಾರೂ ನೆಟ್ಟಗೆ ಇಟ್ಟುಕೊಂಡಿಲ್ಲ. ಸಾಕಬಹುದಾದ, ತಿನ್ನಬಹುದಾದ, ಮುಷ್ಟಿಗಾತ್ರದ ಹಕ್ಕಿ ಬಟೇರ್. ಮರಾಠಿಯವರಿಗೆ ಲಾವಾ, ಸ್ನೇಹಲ್ ಮನೆಯಲ್ಲಿ ಲಾವಕ್ಕಿ. ಕುರುಚಲು ಗುಡ್ಡಗಳಲ್ಲಿ ಓಡಾಡುವ, ಹಿಡಿದರೆ ಜೈಲಿಗೆ ಹೋಗಬೇಕಾದ, ಅದಕ್ಕಿಂತ ದೊಡ್ಡ ಹಕ್ಕಿ ತಿತ್ತರ, ನಮ್ಮ ಗೌಜಲಕ್ಕಿ. ಕೊಳ್ಳೇಗಾಲದ ಕಡೆಯವನಾದ ನನಗೆ ಅದು ಕೌಜುಗ. ನೆಲದ ಬಣ್ಣದ ಮೈ, ಓಡುವ ಚಾಳಿ ಎರಡಕ್ಕೂ ಒಂದೇ, ಆದರೆ ಅವು ಬೇರೆ ಬೇರೆ.

ಹಿಂದಿನ ದಿನ ನಾವು ಲೋಣಾವಳಾಕ್ಕೆ ಹೋಗಿದ್ದೆವು, ಮಾಂತು ಹಕ್ಕಿ ತಲುಪಿಸುತ್ತಿದ್ದ ಹೋಟೆಲಿಗೆ. ಮೆನುವಿನಲ್ಲಿ ತಿತ್ತರ ಮಸಾಲಾ ಎಂದಿತ್ತು. ತಟ್ಟೆಯಲ್ಲಿ ಬಂದದ್ದು ಹೆಬ್ಬೆರಳುದ್ದದ ಕಾಲಿನ ಬಟೇರ್. ಕಾಡಿನ ಹಕ್ಕಿ ತಿಂದೆ ಎಂದು ಹೇಳಿಕೊಳ್ಳುವ ಆಸೆ ಗಿರಾಕಿಗೆ, ಮಾರುವ ಆಸೆ ಹೋಟೆಲಿಗೆ. ಇಬ್ಬರೂ ಸೇರಿ ಹೆಸರು ಕೆಡಿಸಿದ ಮೇಲೆ ಪೊಲೀಸರನ್ನು ಬೈದು ಏನು ಪ್ರಯೋಜನ? ಅವರು ಪಂಚನಾಮೆಯಲ್ಲಿ ‘ತಿತ್ತರ ಜಾತಿಯ ಬಟೇರ್, ಒಂದು’ ಎಂದು ಬರೆದಿದ್ದರು. ಮೇಕೆ ಜಾತಿಯ ಎಮ್ಮೆ ಎಂದಂತೆ. ಓದಿದಾಗ ನಕ್ಕಿದ್ದೆ. ಆ ಸಾಲಿಗೆ ಒಬ್ಬ ಹುಡುಗ ಒಳಗೆ ಕೂತಿದ್ದಾನೆ ಎಂದು ನೆನಪಾಗಿ ನಗು ನಿಂತಿತ್ತು.

ಆದ್ದರಿಂದ ಹೆಸರಿನ ಗೊಡವೆಗೆ ಹೋಗದೆ ನಾನು ಬೇರೆ ಕಡೆಯಿಂದ ಹೊರಟೆ. ಶಿವರುದ್ರಪ್ಪನವರ ಫಾರ್ಮನ್ನು ಹೊಗಳಿದೆ.

ನಿಜಕ್ಕೂ ಹೊಗಳುವಂತೆಯೇ ಇತ್ತು. ಹಡಪಸರದ ಟ್ರಾಫಿಕ್ಕು ಮುಗಿದು ಕಬ್ಬಿನ ಗದ್ದೆ ಕಾಣುವ ಕಡೆ, ಚೊಕ್ಕವಾಗಿ ಗುಡಿಸಿದ ಅಂಗಳ, ಸುಣ್ಣ ಹೊಡೆದ ಗೋಡೆ. ವಿಜಯಪುರದ ಕಡೆಯ ಇಂಡಿಯಿಂದ ಬರಿಗೈಯಲ್ಲಿ ಬಂದವರು ಇಷ್ಟು ಕಟ್ಟಿದ್ದಾರೆ. ಕಿಟಕಿಯಿಂದ ಶೆಡ್ಡಿನೊಳಗಿನ ಸಾಲು ಸಾಲು ಗೂಡುಗಳು ಕಾಣುತ್ತಿದ್ದವು. ಅಷ್ಟು ಗಿಡ್ಡ ಗೂಡು ಯಾಕೆ, ಹಕ್ಕಿಗೆ ಕತ್ತೆತ್ತಲು ಜಾಗ ಬೇಡವೇ ಎಂದು ಏನೂ ತಿಳಿಯದವನಂತೆ ಕೇಳಿದೆ.

ಶಿವರುದ್ರಪ್ಪನವರ ಮುಖ ಅರಳಿತು. ಅರ್ಧ ಗಂಟೆಯಿಂದ ಅವರು ಉತ್ತರಿಸಲು ಇಷ್ಟಪಟ್ಟ ಮೊದಲ ಪ್ರಶ್ನೆ ಅದು.

“ಅಲ್ಲೇ ಅದ ನೋಡ್ರಿ ಕಸಬು. ಲಾವಕ್ಕಿ ಬೆದರಿದ್ರ ಅಡ್ಡ ಓಡೂದಿಲ್ಲ, ನೆಟ್ಟಗ ಮ್ಯಾಲ ಜಿಗೀತದ. ಮ್ಯಾಲ ಗಟ್ಟಿ ಏನರ ಇತ್ತಂದ್ರ ತಲಿ ಒಡಕೊಂಡು ಸಾಯ್ತದ. ಅದಕ್ಕ ಗಿಡ್ಡ ಗೂಡು, ಮ್ಯಾಲ ಮೆತ್ತನ್ನ ಬಲಿ. ಗೊತ್ತಿಲ್ಲದವರು ದೊಡ್ಡ ಪಂಜರದಾಗ ಇಟ್ಟು ಎಲ್ಲಾ ಕಳಕೊಂತಾರ. ನಾ ಒಂದೂ ಕಳಕೊಂಡಿಲ್ಲ.”

ನಾನು ಟೇಬಲ್ಲಿನ ಮೇಲಿದ್ದ ಪಂಜರದ ನೆತ್ತಿಯ ಮೇಲೆ ಕೈ ಇಟ್ಟೆ. ಬಿದಿರಿನ ಪಂಜರ, ಗುಮ್ಮಟದ ಆಕಾರ, ಮೊಳ ಎತ್ತರ, ಮೇಲೆ ಕಲ್ಲಿನಂಥ ಗಟ್ಟಿ ಹೆಣಿಗೆ.

“ಹಾಗಾದ್ರೆ ನಿಮ್ಮ ಹಕ್ಕೀನ ಇದರೊಳಗೆ ಇಟ್ಟವರು ಯಾರು ಸರ್? ಇಷ್ಟು ದಿನ ಆದರೂ ಅದರ ತಲೆ ನೆಟ್ಟಗಿದೆಯಲ್ಲ?”

ಶಿವರುದ್ರಪ್ಪ ಪಂಜರದ ನೆತ್ತಿ ನೋಡಿದರು. ಗಾಜು ಒರೆಸುತ್ತಿದ್ದ ಕೈ ನಿಂತಿತು.

ನಾನು ಪಂಜರದ ಬಾಗಿಲು ತೆರೆದು ಹಕ್ಕಿಯನ್ನು ಮೆಲ್ಲಗೆ ಹಿಡಿದು ಕಾಲು ತೋರಿಸಿದೆ. ಪಾದದಿಂದ ಸ್ವಲ್ಪ ಮೇಲೆ, ಹಿಂಬದಿಗೆ, ಹುಂಜಕ್ಕಿರುವಂಥ ಮುಳ್ಳು. ಗಂಡು ಗೌಜಲಕ್ಕಿಗೆ ಇರುತ್ತದೆ. ಲಾವಕ್ಕಿಗೆ, ಗಂಡಾಗಲಿ ಹೆಣ್ಣಾಗಲಿ, ಅದು ಹುಟ್ಟಿದಾಗಿನಿಂದ ಸಾಯುವತನಕ ಇರುವುದಿಲ್ಲ. ಈ ಮುಳ್ಳಿನ ತುದಿಯನ್ನು ಯಾರೋ ಅಕ್ಕರೆಯಿಂದ ಉಜ್ಜಿ ಮೊಂಡು ಮಾಡಿದ್ದರು, ಎತ್ತಿಕೊಳ್ಳುವಾಗ ಕೈಗೆ ಚುಚ್ಚದಂತೆ.

“ನಿಮಗ ಗೊತ್ತಿತ್ತು,” ಎಂದಳು ಸ್ನೇಹಲ್. ದನಿ ಏರಿಸಲಿಲ್ಲ. “ಠಾಣೇದಾಗ ನೋಡಿದ ಕೂಡಲೇ ನಿಮಗ ಗೊತ್ತಿತ್ತು. ಗೊತ್ತಿದ್ದೂ ನಮ್ಮದ ಹಕ್ಕಿ ಅಂದ್ರಿ. ಮಾಂತು ನಿಮ್ಮ ಅನ್ನ ಉಂಡ ಹುಡುಗ ಅಲ್ಲೇನ್ರಿ?”

ಶಿವರುದ್ರಪ್ಪ ಕುರ್ಚಿ ಎಳೆದು ಕೂತರು. ಅಂಗಳದಿಂದ ಬಂದ ಆಳು ಚಹಾ ಇಟ್ಟು ಹೋದ. ಯಾರೂ ಮುಟ್ಟಲಿಲ್ಲ.

ಆಮೇಲೆ ಅವರು ಹೇಳಿದ್ದು ಇಷ್ಟು. ಈರಣ್ಣನಿಗೆ ಬಟೇರ್ ವ್ಯಾಪಾರ ಸಪ್ಪೆಯಾಗಿತ್ತು. ನಿಜವಾದ ತಿತ್ತರವೇ ಬೇಕೆನ್ನುವ ಫಾರ್ಮ್‌ಹೌಸಿನ ದೊಡ್ಡ ಮಂದಿಯ ಗೆಳೆತನ ಅವನಿಗೆ ಸಿಕ್ಕಿತ್ತು. ಗುಡ್ಡದಲ್ಲಿ ಹಿಡಿದ ಗೌಜಲಕ್ಕಿಗಳನ್ನು ಬಟೇರ್ ಕ್ರೇಟುಗಳ ಅಡಿಯಲ್ಲಿಟ್ಟು ಫಾರ್ಮಿನ ವ್ಯಾನಿನಲ್ಲೇ ಕಳಿಸುತ್ತಿದ್ದ. ಶಿವರುದ್ರಪ್ಪನವರಿಗೆ ವಾಸನೆ ಬಂದಿತ್ತು, ಆದರೆ ಕೇಳಲಿಲ್ಲ. ಠಾಣೆಯಲ್ಲಿ ಇದು ಗೌಜಲಕ್ಕಿ ಎಂದಿದ್ದರೆ ಅರಣ್ಯ ಇಲಾಖೆಯವರು ಆವತ್ತೇ ಶೆಡ್ಡಿಗೆ ಬೀಗ ಜಡಿಯುತ್ತಿದ್ದರು. ಬಟೇರ್ ಎಂದುಬಿಟ್ಟರೆ ಮನೆಯ ಹಕ್ಕಿ, ಮನೆಯ ಮಾತು. ಹುಡುಗ ಹೇಗೋ ಹೊರಗೆ ಬರುತ್ತಾನೆ ಎಂದುಕೊಂಡರಂತೆ.

ನನಗೆ ಅವರ ಮೇಲೆ ಕೆಟ್ಟ ಕೋಪ ಬಂತು. ಕೊಲೆಗಾರನಾಗಿದ್ದರೆ ಇಷ್ಟು ಕೋಪ ಬರುತ್ತಿರಲಿಲ್ಲವೇನೋ. ತನ್ನ ಸುಣ್ಣದ ಗೋಡೆ ಉಳಿಯಲೆಂದು ಬೇರೆಯವರ ಮಗನನ್ನು ಒಳಗೆ ತಳ್ಳಿ, ರಾತ್ರಿ ಉಂಡು ಮಲಗುವ ಸಜ್ಜನರು ಇವರು.

“ಈರಣ್ಣನೇ ಹಿಡೀತಿದ್ದನಾ?” ಎಂದು ಕೇಳಿದೆ.

ಇಲ್ಲವೆಂದು ತಲೆಯಾಡಿಸಿದರು. ಈರಣ್ಣ ಹಕ್ಕಿ ಮುಟ್ಟಿದರೆ ಹಕ್ಕಿಯೇ ಅವನನ್ನು ಕುಕ್ಕುತ್ತಿತ್ತಂತೆ. “ಕೂಗಸೋರು ಬ್ಯಾರೆ ಅದಾರ ಅಂತಿದ್ದ. ಭಾಳ ಚಲೋ ಕೈ ಅಂತಿದ್ದ. ಯಾರು ಏನು ಅಂತ ನಾ ಕೇಳಲಿಲ್ರಿ. ಕೇಳಿದ್ರ ನಾನೂ ಅದರಾಗ ಬಂದಂಗ ಆಕ್ಕಿತ್ತು.”

ಕೂಗಿಸುವುದು ಎಂದರೇನು ಎಂದು ಸ್ನೇಹಲ್ ಕೇಳಿದಳು. ಹೇಳಿದೆ.

ನಮ್ಮ ಸೋದರಮಾವ ಒಂದು ಗಂಡು ಕೌಜುಗ ಸಾಕಿದ್ದ. ಆಗ ಅದೊಂದು ಶೋಕಿ, ಕಾನೂನು ಯಾರ ತಲೆಯಲ್ಲೂ ಇರಲಿಲ್ಲ. ಮೊಬ್ಬು ಬೆಳಕಿನಲ್ಲಿ ಪಂಜರವನ್ನು ಮುಚ್ಚಿಕೊಂಡು ಗುಡ್ಡಕ್ಕೆ ಹೋಗುವುದು, ಪೊದೆಯ ಹತ್ತಿರ ಇಟ್ಟು ಸುತ್ತ ಉರುಳು ಹಾಸುವುದು, ಆಮೇಲೆ ಸಾಕಿದ ಹಕ್ಕಿಯನ್ನು ಕೂಗಿಸುವುದು. ತನ್ನ ಜಾಗದಲ್ಲಿ ಇನ್ನೊಬ್ಬ ಗಂಡಸು ಕೂಗುತ್ತಿದ್ದಾನೆ ಎಂದು ಕಾಡಿನ ಗಂಡು ಜಗಳಕ್ಕೆ ಓಡಿ ಬಂದು ಉರುಳಿಗೆ ಬೀಳುತ್ತದೆ. ಆದರೆ ಸಾಕಿದ ಹಕ್ಕಿ ಯಾರೆಂದರವರ ಮಾತಿಗೆ ಕೂಗುವುದಿಲ್ಲ. ಮರಿಯಿಂದ ಬಾಯಿಗೆ ಮೇವಿಟ್ಟು ಬೆಳೆಸಿದವರು ಅದಕ್ಕೊಂದು ಸನ್ನೆ ಕಲಿಸಿರುತ್ತಾರೆ. ಮಾವ ಪಂಜರದ ಅಡಿಯನ್ನು ಉಗುರಿನಿಂದ ಗೀರುತ್ತಿದ್ದ. ಬೇರೆಯವರು ಎಷ್ಟು ಗೀರಿದರೂ ಅದು ಮಿಸುಕುತ್ತಿರಲಿಲ್ಲ.

ನಾನು ಪಂಜರದ ಅಡಿಯನ್ನು ಗೀರಿದೆ. ತಟ್ಟಿದೆ. ಸಿಳ್ಳೆ ಹಾಕಿದೆ. ಹಕ್ಕಿ ನನ್ನ ಕಡೆ ತಿರುಗಲೂ ಇಲ್ಲ. ಮನೆಗೆ ಬಂದಾಗಿನಿಂದ ಹೀಗೇ, ಕಾಳು ಸರಿಯಾಗಿ ತಿನ್ನುವುದಿಲ್ಲ, ಒಂದು ದನಿ ಹೊರಡಿಸಿಲ್ಲ ಎಂದರು ಶಿವರುದ್ರಪ್ಪ.

“ಅಂದ್ರೆ,” ಎಂದೆ ಸ್ನೇಹಲ್‌ಗೆ, “ಆವತ್ತು ಬೆಳಗ್ಗೆ ಗುಡ್ಡದ ಮೇಲೆ ಈರಣ್ಣನ ಜೊತೆ ಇದ್ದದ್ದು ಈ ಹಕ್ಕಿ ಸಾಕಿದವನು. ಹಕ್ಕಿ ಬಿಟ್ಟು ಓಡಿಹೋಗಿದ್ದಾನೆ. ಇಷ್ಟು ಪ್ರೀತಿಯಿಂದ ಸಾಕಿದ್ದನ್ನ ಸುಮ್ಮನೆ ಯಾರೂ ಬಿಟ್ಟು ಓಡಲ್ಲ. ಅವನು ಸಿಕ್ಕಿದ್ರೆ ಕೊಲೆ ಮಾಡಿದವನು ಸಿಕ್ಕ ಹಾಗೇ.”

ನೆಲಕ್ಕೆ ಬಿದ್ದಿದ್ದ ಗವಸನ್ನು ಎತ್ತಿಕೊಂಡು ನೋಡಿದೆ. ಹಳೆಯ ಇಳಕಲ್ ಸೀರೆಯ ತುಂಡಿನಿಂದ ಕೈಯಲ್ಲೇ ಹೊಲಿದದ್ದು, ಬಾಯಿಗೆ ಎಳೆದು ಕಟ್ಟುವ ಲಾಡಿ. ಪುಣೆಯಲ್ಲಿರುವ ಉತ್ತರ ಕರ್ನಾಟಕದ ಯಾವ ಮನೆಯ ಪೆಟ್ಟಿಗೆ ತೆರೆದರೂ ಇಂಥದೊಂದು ಸೀರೆ ಸಿಗುತ್ತದೆ. ಇದರಿಂದ ಏನೂ ಹೊರಡುವುದಿಲ್ಲ ಎಂದು ಪಕ್ಕಕ್ಕಿಟ್ಟೆ.

ಸ್ನೇಹಲ್ ಲೆಕ್ಕ ಹಾಕಿ ಮುಗಿಸಿದ್ದಳು. ಹಕ್ಕಿ ಫಾರ್ಮಿನದಲ್ಲ ಎಂದಾದರೆ ಮಾಂತುವನ್ನು ಗುಡ್ಡಕ್ಕೆ ಕಟ್ಟಿಹಾಕಿದ ಹಗ್ಗ ಅರ್ಧ ಕಡಿದಂತೆ. ಸಾಕಿದವರು ಯಾರೆಂದು ಬೆರಳಿಟ್ಟು ತೋರಿಸಿದರೆ ಪೂರ್ತಿ ಕಡಿದಂತೆ. ಈಗಿಂದೀಗ ಪಶುವೈದ್ಯರ ಹತ್ತಿರ ಹೋಗಿ ಹಕ್ಕಿಯ ಜಾತಿ ಬರೆಸೋಣ, ಶಿವರುದ್ರಪ್ಪನವರೂ ಜೊತೆಗೆ ಬಂದು ಹೇಳಿಕೆ ಬದಲಿಸಬೇಕು ಎಂದಳು. ಬರದಿದ್ದರೆ ಸುಳ್ಳು ಸಾಕ್ಷಿಯ ಕೇಸು ಹಾಕುವುದು ತನಗೆ ಗೊತ್ತಿದೆ ಎಂದೂ ಸೇರಿಸಿದಳು. ಅವರು ಆಫೀಸಿಗೆ ಬೀಗ ಹಾಕಲು ಎದ್ದರು.

ಸ್ನೇಹಲ್ ಪಂಜರ ಹಿಡಿದು ಮುಂದೆ ನಡೆದಳು. ನಾನು ಗವಸನ್ನು ಬಗಲಲ್ಲಿಟ್ಟುಕೊಂಡು ಹಿಂದೆ ಹೋದೆ.

ಗೇಟಿನ ಹೊರಗೆ, ಸ್ನೇಹಲಳ ಕಾರಿನ ನೆರಳಿನಲ್ಲಿ, ಕಾಶವ್ವ ಕಾಯುತ್ತಿದ್ದಳು.

ಕಾಶವ್ವ ಮಾಂತುವಿನ ಅಕ್ಕ. ತಾಯಿ ಹೋದ ಮೇಲೆ ಸಿಂದಗಿಯ ಕಡೆಯ ಹಳ್ಳಿಯಿಂದ ತಮ್ಮನನ್ನು ಕಂಕುಳಲ್ಲಿ ಇಟ್ಟುಕೊಂಡು ಪುಣೆಗೆ ಬಂದವಳು. ಧನಕವಡಿಯ ಕಾಲೇಜು ಮೆಸ್ಸಿನಲ್ಲಿ ಅಡುಗೆ ಮಾಡಿ ಅವನನ್ನು ಬೆಳೆಸಿದವಳು. ನನ್ನ ಆಫೀಸಿಗೆ ಬಂದಾಗಲೆಲ್ಲ ಜೋಳದ ರೊಟ್ಟಿ ಕಟ್ಟಿ ತರುತ್ತಿದ್ದಳು. ನನ್ನ ಫೀಸಿನ ಮಾತೆತ್ತಿದರೆ ತಲೆ ತಗ್ಗಿಸುತ್ತಿದ್ದಳು, ಆಮೇಲೆ ನಾನು ಎತ್ತುವುದನ್ನೇ ಬಿಟ್ಟೆ. ಈ ಕೇಸು ನಾನು ಬಿಡದೆ ಹಿಡಿದದ್ದು ಅವಳ ಮುಖ ನೋಡಿ. ಅದನ್ನು ಮುಚ್ಚಿಟ್ಟು ಏನಾಗಬೇಕು?

ಮೊದಲ ದಿನವೇ ಆ ಹಕ್ಕಿಯ ಬಗ್ಗೆ ಅವಳನ್ನು ಕೇಳಿದ್ದೆ. “ಹಕ್ಕಿ ಪಕ್ಕಿ ನನಗೇನ್ ತಿಳೀತದ್ರಿ? ಕೋಳಿ, ಕಾಗಿ ಬಿಟ್ರ ನಾ ಏನೂ ಗುರುತ ಹಿಡಿಯಂಗಿಲ್ಲ,” ಎಂದಿದ್ದಳು. ಇವತ್ತು ಒಳಗೆ ಬಾ ಎಂದರೂ ಬಂದಿರಲಿಲ್ಲ. ಆ ಮನುಷ್ಯನ ಮುಖ ನೋಡುವುದು ತನ್ನಿಂದ ಆಗದು ಎಂದು ಗೇಟಿನಲ್ಲೇ ಉಳಿದಿದ್ದಳು.

ನಮ್ಮನ್ನು ಕಂಡು ಎದ್ದು ನಿಂತಳು. ಸ್ನೇಹಲ್ ದೂರದಿಂದಲೇ ಸುದ್ದಿ ಹೇಳತೊಡಗಿದಳು. ಕೆಲಸ ಆಯಿತು, ಇದು ಬಟೇರ್ ಅಲ್ಲ, ಗೌಜಲಕ್ಕಿ, ಮಾಂತುವಿಗೂ ಇದಕ್ಕೂ ಸಂಬಂಧ ಇಲ್ಲ. ಖುಷಿಯಲ್ಲಿ ಅವಳ ಕೈ ಬೀಸುತ್ತಿತ್ತು, ಕೈಯಲ್ಲಿದ್ದ ಪಂಜರವೂ ಬೀಸುತ್ತಿತ್ತು.

ಆಗ ರಸ್ತೆಯಲ್ಲಿ ಕಬ್ಬಿನ ಲಾರಿಯೊಂದು ಹಾರ್ನ್ ಹೊಡೆದುಕೊಂಡು ಹಾದುಹೋಯಿತು. ಹಕ್ಕಿ ರೆಕ್ಕೆ ಬಡಿದು ಬಿದಿರಿನ ಕಡ್ಡಿಗಳಿಗೆ ಎದೆ ಒಡ್ಡಿ ಹೊರಳಾಡಿತು. ಸ್ನೇಹಲ್ ಗಾಬರಿಯಾಗಿ ಪಂಜರವನ್ನು ಇನ್ನಷ್ಟು ಅಲುಗಾಡಿಸಿದಳು.

ಕಾಶವ್ವ ಎರಡು ಹೆಜ್ಜೆಯಲ್ಲಿ ಬಂದು ಪಂಜರವನ್ನು ಅವಳ ಕೈಯಿಂದ ತೆಗೆದುಕೊಂಡಳು. ಕಸಿದುಕೊಳ್ಳಲಿಲ್ಲ. ಅಳುವ ಕೂಸನ್ನು ಬೇರೆಯವರ ಕೈಯಿಂದ ತಾಯಿ ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡಳು. ಎಡಗೈಯನ್ನು ಅಡಿಗೆ ಕೊಟ್ಟು, ಬಲಗೈಯಿಂದ ಸೆರಗು ಎಳೆದು ಪಂಜರದ ಮೇಲೆ ಹೊದಿಸಿದಳು. ಪಂಜರವನ್ನು ಅರ್ಧ ಸುತ್ತು ತಿರುಗಿಸಿ ಎದೆಗೆ ಒತ್ತಿ ಹಿಡಿದಳು. ನಾಲಿಗೆಯನ್ನು ಅಂಗುಳಿಗೆ ತಾಗಿಸಿ ಸಣ್ಣಗೆ ಲೊಚಗುಟ್ಟಿದಳು, ಬೆರಳಿನಿಂದ ಅಡಿಯನ್ನು ಮೆಲ್ಲಗೆ ತಟ್ಟಿದಳು.

ಒಳಗಿನ ಬಡಿದಾಟ ನಿಂತಿತು.

ಆಮೇಲೆ ಸೆರಗಿನ ಅಡಿಯಿಂದ ಹಕ್ಕಿ ಕೂಗಿತು. ಕತೀತರ್, ಕತೀತರ್, ಕತೀತರ್ ಎಂದು, ಕಬ್ಬಿನ ಗದ್ದೆಯ ಆಚೆಗೂ ಕೇಳುವಷ್ಟು ಗಟ್ಟಿಯಾಗಿ. ರಸ್ತೆಯಲ್ಲಿ ಹೋಗುತ್ತಿದ್ದ ಬೈಕಿನವನು ತಿರುಗಿ ನೋಡಿದ.

“ಸರ್, ಕೂಗಿತು,” ಎಂದು ಸ್ನೇಹಲ್ ನಗುತ್ತ ನನ್ನ ಕಡೆ ತಿರುಗಿದಳು. ನನ್ನ ಮುಖ ನೋಡಿದ ಮೇಲೆ ಅವಳ ನಗು ಹೋಯಿತು.

ಬಗಲಲ್ಲಿದ್ದ ಗವಸನ್ನು ನೋಡಿದೆ, ಕಾಶವ್ವ ಉಟ್ಟಿದ್ದ ಇಳಕಲ್ ಸೀರೆಯನ್ನು ನೋಡಿದೆ. ಮಾಂತು ಈರಣ್ಣನ ಕಾಲರ್ ಹಿಡಿದದ್ದು ಯಾರಿಗಾಗಿ, ಜೈಲಿನಲ್ಲಿ ಕೂತು ತುಟಿ ಹೊಲಿದುಕೊಂಡಿರುವುದು ಯಾರಿಗಾಗಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಸಾಕಿದವನು, ಓಡಿದವನು ಎಂದು ನಾನು ಗಂಡಸನ್ನೇ ಹುಡುಕುತ್ತಿದ್ದೆ. ಈ ಹಕ್ಕಿ ಸಾಕಿದವರೇ ಕೊಲೆ ಮಾಡಿದವರು ಎಂದು ಎದೆ ತಟ್ಟಿ ಹೇಳಿದವನು ನಾನೇ.

ಹಿಂದೆ ಕೀಲಿ ಗೊಂಚಲಿನ ಸದ್ದು ನಿಂತಿತು. ಶಿವರುದ್ರಪ್ಪ ಗೇಟಿನಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ಇನ್ನು ಅವರಿಗೆ ತಮ್ಮ ಶೆಡ್ಡು ಉಳಿಸಿಕೊಳ್ಳಲು ಮಾಂತುವೇ ಬೇಕೆಂದಿರಲಿಲ್ಲ, ಅವನ ಅಕ್ಕನ ಕಡೆ ಬೆರಳು ತೋರಿಸಿದರೆ ಸಾಕಿತ್ತು.

ತಾನು ಏನು ಮಾಡಿದೆನೆಂದು ಕಾಶವ್ವನಿಗೂ ತಿಳಿದಿತ್ತು. ಆದರೆ ಆಕೆ ಪಂಜರವನ್ನು ಕೆಳಗಿಡಲಿಲ್ಲ, ಸೆರಗು ತೆಗೆಯಲಿಲ್ಲ. ಬೆರಳು ಇನ್ನೂ ಪಂಜರದ ಅಡಿಯಲ್ಲೇ ಇತ್ತು.

“ನಾಳೆ ಜಡ್ಜ್ ಸಾಹೇಬರ ಮುಂದ ಇದು ಹಿಂಗ ಕೂಗಿದ್ರ,” ಎಂದಳು ನನ್ನ ಕಣ್ಣಲ್ಲಿ ಕಣ್ಣಿಟ್ಟು, “ನಮ್ಮ ಮಾಂತು ಹೊರಗ ಬರ್ತಾನೇನ್ರಿ?”

ನಾನು ಬಗಲಲ್ಲಿದ್ದ ಗವಸನ್ನು ಅವಳ ಕಡೆ ಚಾಚಿದೆ.

“ಹಂಗಿದ್ರ ನಾಳೆ ಕೋರ್ಟಿಗೆ ಇದನ್ನ ಹಿಡ್ಕೊಂಡು ನಾನೇ ಬರ್ತೀನ್ರಿ,” ಎಂದಳು ಕಾಶವ್ವ.